ಕಣಿವೆ, ನೀರು, ಕಟ್ಟೆ ಒಂದೇ ಚಿತ್ರದಲ್ಲಿ: ಸೇಜ್ ತಂತ್ರಾಂಶದಲ್ಲಿ ಬಗೆಬಗೆಯ ಮೂರು ಆಯಾಮದ ನಕ್ಷೆಗಳನ್ನು ಕೂಡಿಸುವ ಸಮಗ್ರ ಮಾರ್ಗದರ್ಶಿ

ಮಳೆಗಾಲ ಬಂತೆಂದರೆ ಚಿತ್ರದುರ್ಗ ಜಿಲ್ಲೆಯಲ್ಲಿ ಒಂದು ಸಂಖ್ಯೆಯ ಮೇಲೆ ಎಲ್ಲರ ಕಣ್ಣು. ಹಿರಿಯೂರು ತಾಲ್ಲೂಕಿನ ವಾಣಿ ವಿಲಾಸ ಸಾಗರದಲ್ಲಿ ಈಗ ಎಷ್ಟು ಅಡಿ ನೀರಿದೆ? ವೇದಾವತಿ ನದಿಗೆ ಮಾರಿ ಕಣಿವೆಯಲ್ಲಿ ಅಡ್ಡಲಾಗಿ ಕಟ್ಟಿದ, 1907ರಲ್ಲಿ ಪೂರ್ಣಗೊಂಡ ಈ ಜಲಾಶಯದ ಪೂರ್ಣ ಮಟ್ಟ 130 ಅಡಿ. 1933ರಲ್ಲಿ ತುಂಬಿದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಮಟ್ಟ ಏರುತ್ತಿರುವಾಗ "ಇನ್ನು ಕೆಲವೇ ಅಡಿ ಬಾಕಿ" ಎಂದು ಜನ ಹೇಳುತ್ತಾರೆ. ಆ ಕೆಲವು ಅಡಿಗಳಲ್ಲಿ ಎಷ್ಟು ನೀರು ಹಿಡಿಯುತ್ತದೆ ಎಂಬುದನ್ನು ಅಡಿಯ ಲೆಕ್ಕ ಹೇಳುವುದಿಲ್ಲ, ಕಣಿವೆಯ ಆಕಾರ ಹೇಳುತ್ತದೆ.

ಅದನ್ನು ಗಣಕದಲ್ಲಿ ತೋರಿಸಹೊರಟರೆ ಒಂದು ಬಗೆಯ ನಕ್ಷೆ ಸಾಲದು. ನೆಲ ಒಂದು ಮೇಲ್ಮೈ. ನೀರು ಇನ್ನೊಂದು ಮೇಲ್ಮೈ, ಆದರೆ ಅದಕ್ಕೆ ಅಂಕುಡೊಂಕಾದ ಅಂಚಿದೆ. ದಂಡೆ ಒಂದು ವಕ್ರರೇಖೆ. ಕಟ್ಟೆ ನೆಟ್ಟಗೆ ನಿಂತ ಗೋಡೆ. ಗುಡ್ಡದ ಬಂಡೆಯನ್ನು ಎತ್ತರದ ಸೂತ್ರವಾಗಿ ಬರೆಯಲು ಬರುವುದೇ ಇಲ್ಲ, ಸಮೀಕರಣವಾಗಿ ಬರೆಯುವುದು ಸುಲಭ. ದಾವಣಗೆರೆ, ಚಿತ್ರದುರ್ಗದ ಪದವಿ ವಿದ್ಯಾರ್ಥಿಗಳು ಇವನ್ನು ಬಿಡಿಬಿಡಿಯಾಗಿ ಚೆನ್ನಾಗಿಯೇ ಎಳೆಯುತ್ತಾರೆ. ಎಲ್ಲವನ್ನೂ ಒಂದೇ ಚಿತ್ರಕ್ಕೆ ತರುವಾಗ ಕೈ ತಡೆಯುತ್ತದೆ: ನೀರು ಗುಡ್ಡದೊಳಗೆ ನುಗ್ಗುತ್ತದೆ, ಗೆರೆ ಮಾಯವಾಗುತ್ತದೆ, ಗೋಳ ಚಪ್ಪಟೆಯಾಗುತ್ತದೆ.

ಕೂಡಿಸುವ ಆದೇಶ ಒಂದು ಕೂಡು ಚಿಹ್ನೆ, ಅಷ್ಟೇ. ನಿಜವಾದ ಕೆಲಸ ಅದಕ್ಕೂ ಮೊದಲು ಕಾಗದದ ಮೇಲೆ ನಡೆಯುತ್ತದೆ. ಎಲ್ಲ ಪದರಗಳೂ ಒಂದೇ ಸಮೀಕರಣದಿಂದ ಹುಟ್ಟಿದ್ದರೆ ಅವು ತಾವಾಗಿಯೇ ಒಂದಕ್ಕೊಂದು ಕೂರುತ್ತವೆ. ಕಣ್ಣಂದಾಜಿನಲ್ಲಿ ಹುಟ್ಟಿದ್ದರೆ ಎಷ್ಟು ತಿದ್ದಿದರೂ ಕೂರುವುದಿಲ್ಲ. ಈ ಮಾರ್ಗದರ್ಶಿಯ ಹಂತಗಳೆಲ್ಲ ಇದರ ಸುತ್ತಲೇ ಇವೆ.

ತಂತ್ರಾಂಶ ಮತ್ತು ಬರೆಯುವ ಕ್ರಮ

ನಾನು ಆರಿಸಿಕೊಂಡಿರುವುದು ಸೇಜ್‌ಮ್ಯಾಥ್. ವಿಲಿಯಂ ಸ್ಟೈನ್ 2005ರಲ್ಲಿ ಆರಂಭಿಸಿದ, ಪೈಥಾನ್ ಭಾಷೆಯ ಮೇಲೆ ನಿಂತಿರುವ ಮುಕ್ತ ತಂತ್ರಾಂಶ ಇದು. ಹಣ ಕೊಡಬೇಕಾಗಿಲ್ಲ. ಅಳವಡಿಸಿಕೊಳ್ಳುವ ಗೋಜೂ ಬೇಡವೆಂದರೆ ಸೇಜ್‌ಸೆಲ್ ಎಂಬ ಜಾಲತಾಣದ ಪುಟ ತೆರೆದು, ಅಲ್ಲಿನ ಪೆಟ್ಟಿಗೆಯಲ್ಲಿ ಆದೇಶ ಬರೆದು ಗುಂಡಿ ಒತ್ತಿದರೆ ಸಾಕು. ಮೊಬೈಲ್‌ನಲ್ಲೂ ನಡೆಯುತ್ತದೆ, ಬಂದ ಚಿತ್ರವನ್ನು ಬೆರಳಿನಿಂದಲೇ ತಿರುಗಿಸಿ ನೋಡಬಹುದು. ಒಂದು ಎಚ್ಚರ: ಸೇಜ್‌ಸೆಲ್ ಪ್ರತಿ ಸಲವೂ ಹೊಸದಾಗಿ ಲೆಕ್ಕ ಶುರು ಮಾಡುತ್ತದೆ, ಹಿಂದಿನ ಸಲ ಬರೆದದ್ದನ್ನು ನೆನಪಿಟ್ಟುಕೊಳ್ಳುವುದಿಲ್ಲ. ಆದ್ದರಿಂದ ಕೆಳಗಿನ ಸಾಲುಗಳನ್ನೆಲ್ಲ ಒಂದೇ ಪೆಟ್ಟಿಗೆಯಲ್ಲಿ ಒಂದರ ಕೆಳಗೊಂದು ಬರೆಯುತ್ತಾ ಹೋಗಿ.

ಆದೇಶಗಳನ್ನು ಇಲ್ಲಿ ಉಚ್ಚರಿಸುವಂತೆ ಕನ್ನಡದಲ್ಲಿ ಕೊಟ್ಟಿದ್ದೇನೆ. ಟೈಪ್ ಮಾಡುವಾಗ ಸೇಜ್‌ನ ಪದಗಳು, ಬಣ್ಣದ ಹೆಸರುಗಳು ಮತ್ತು ಎಕ್ಸ್, ವೈ, ಝಡ್, ಟಿ, ಯು, ವಿ, ಕೆ ಎಂಬ ಚರಾಕ್ಷರಗಳು ಸಣ್ಣ ರೋಮನ್ ಅಕ್ಷರಗಳಲ್ಲಿರಬೇಕು. ಅಡಿಗೆರೆ, ಆವರಣ, ಅಲ್ಪವಿರಾಮ ಇದ್ದಲ್ಲಿ ಇದ್ದ ಹಾಗೆಯೇ ಬರಲಿ. ಫಾಲ್ಸ್ ಎಂಬ ಪದದ ಮೊದಲಕ್ಷರ ಮಾತ್ರ ದೊಡ್ಡದು. ಎಸ್ಕ್ಯೂಆರ್ಟಿ ಎಂದರೆ ಆ ನಾಲ್ಕು ಅಕ್ಷರಗಳೇ, ಅದು ವರ್ಗಮೂಲದ ಆದೇಶ. ಆದರೆ ನೆಲ, ನೀರು, ದಂಡೆ ಎಂದು ನಾವು ಪದರಗಳಿಗೆ ಇಡುವ ಹೆಸರುಗಳನ್ನು ಕನ್ನಡದಲ್ಲಿಯೇ ಬರೆಯಬಹುದು. ಪೈಥಾನ್ 3 ಕನ್ನಡ ಅಕ್ಷರಗಳನ್ನು ಹೆಸರಾಗಿ ಒಪ್ಪುತ್ತದೆ, ಹೆಸರಿನ ನಡುವೆ ಖಾಲಿ ಜಾಗ ಇರಬಾರದಷ್ಟೇ. ನಮ್ಮ ಊರಿನ ಕಣಿವೆಯ ಚಿತ್ರಕ್ಕೆ ನಮ್ಮ ಪದಗಳಲ್ಲೇ ಆದೇಶ ಬರೆಯಬಹುದೆಂಬುದು ನನಗೆ ತುಂಬ ಸಂತೋಷ ಕೊಡುವ ಸಂಗತಿ.

ಮೊದಲ ಸಾಲು ಇದು:

ವಾರ್('ಎಕ್ಸ್, ವೈ, ಝಡ್, ಟಿ, ಯು, ವಿ')

ಸೇಜ್‌ಗೆ ಎಕ್ಸ್ ಒಂದೇ ತಾನಾಗಿ ಗೊತ್ತಿರುವ ಚರಾಕ್ಷರ. ಉಳಿದವನ್ನು ಹೀಗೆ ಘೋಷಿಸದಿದ್ದರೆ ಹೆಸರು ಗೊತ್ತಿಲ್ಲವೆಂಬ ದೋಷ ಸಂದೇಶ ಬರುತ್ತದೆ.

ಕಾಗದದ ಮೇಲೆ ಕಣಿವೆ

ಎಕ್ಸ್ ಅಕ್ಷ ನದಿ ಹರಿಯುವ ದಿಕ್ಕು. ವೈ ಅಕ್ಷ ಕಣಿವೆಗೆ ಅಡ್ಡ. ಝಡ್ ಎತ್ತರ. ನದಿಯ ಉದ್ದಕ್ಕೂ ನೆಲ ಇಳಿಯಬೇಕು, ಎರಡೂ ಬದಿಗೆ ಏರಬೇಕು. ಇಷ್ಟಕ್ಕೆ ಸಾಕಾಗುವ ಸರಳ ಸಮೀಕರಣ:

ಝಡ್ = 0.5 ವೈ² − 0.25 ಎಕ್ಸ್

ಇದು ಮಾರಿ ಕಣಿವೆಯ ಅಳತೆಯಲ್ಲ, ಕಲಿಕೆಗೆಂದು ಕಟ್ಟಿಕೊಂಡ ಮಾದರಿ. ಕಟ್ಟೆಯನ್ನು ಎಕ್ಸ್ = 4 ಎಂಬಲ್ಲಿ ನಿಲ್ಲಿಸೋಣ. ಅಲ್ಲಿ ನದಿಯ ತಳ ಝಡ್ = −1. ನೀರು ಝಡ್ = 1ರವರೆಗೆ ತುಂಬಿದೆ ಎಂದಿಟ್ಟುಕೊಳ್ಳೋಣ. ಅಂದರೆ ಕಟ್ಟೆಯ ಬುಡದಲ್ಲಿ ಆಳ 2.

ಈಗ ದಂಡೆ ಎಲ್ಲಿ ಬರುತ್ತದೆ? ನೆಲದ ಎತ್ತರವೂ ನೀರಿನ ಎತ್ತರವೂ ಒಂದೇ ಆಗಿರುವಲ್ಲಿ. 0.5 ವೈ² − 0.25 ಎಕ್ಸ್ = 1 ಎಂದು ಬರೆದು ಬಿಡಿಸಿದರೆ ಎಕ್ಸ್ = 2 ವೈ² − 4. ಇದು ಪರವಲಯ. ಹಿನ್ನೀರಿನ ತುದಿ ಎಕ್ಸ್ = −4ರಲ್ಲಿ, ಕಟ್ಟೆಯ ಬಳಿ ನೀರಿನ ಅಂಚುಗಳು ವೈ = 2 ಮತ್ತು ವೈ = −2ರಲ್ಲಿ. ಇದನ್ನೇ ತಿರುಗಿಸಿ ಬರೆದರೆ, ಯಾವುದೇ ಎಕ್ಸ್‌ನಲ್ಲಿ ನೀರಿನ ಅರ್ಧ ಅಗಲ 2 + ಎಕ್ಸ್/2 ಎಂಬುದರ ವರ್ಗಮೂಲ.

ಮುಂದಿನ ಪ್ರತಿ ಪದರವೂ ಈ ಕೆಲವು ಸಾಲಿನ ಲೆಕ್ಕದಿಂದಲೇ ಬರುತ್ತದೆ. ಇದನ್ನು ಬಿಟ್ಟು ನೇರವಾಗಿ ಗಣಕದ ಮುಂದೆ ಕೂರಬೇಡಿ.

ನೆಲ

ನೆಲ = ಪ್ಲಾಟ್3ಡಿ(0.5*ವೈ^2 - 0.25*ಎಕ್ಸ್, (ಎಕ್ಸ್, -6, 6), (ವೈ, -2.5, 2.5), ಕಲರ್='ಟ್ಯಾನ್')

ಎತ್ತರವನ್ನು ಎಕ್ಸ್ ಮತ್ತು ವೈಗಳ ಸೂತ್ರವಾಗಿ ಬರೆಯಲು ಬರುವಾಗ ಈ ಆದೇಶ ಸಾಕು. ವ್ಯಾಪ್ತಿಯನ್ನು ಆರಿಸುವಾಗ ಉಳಿದ ಪದರಗಳನ್ನೂ ನೆನಪಿನಲ್ಲಿಡಿ. ನೀರು −4ರಿಂದ 4ರವರೆಗೆ ಇದೆ, ನೆಲ ಎರಡೂ ಕಡೆ ಸ್ವಲ್ಪ ಹೆಚ್ಚು ಚಾಚಿರಲಿ. ನೆಲ ಮುಗಿದ ಮೇಲೂ ನೀರು ಮುಂದುವರಿದರೆ ಅದು ಗಾಳಿಯಲ್ಲಿ ತೇಲುವ ಹಾಳೆಯಂತೆ ಕಾಣುತ್ತದೆ.

ನೀರು

ಇಲ್ಲಿ ಹೆಚ್ಚಿನವರು ಮಾಡುವುದು ಝಡ್ = 1 ಎಂಬ ಸಮತಲವನ್ನು ನೆಲದ ಅದೇ ವ್ಯಾಪ್ತಿಯಲ್ಲಿ ಎಳೆಯುವುದು. ಬದಿಗಳಲ್ಲಿ ಅದು ಗುಡ್ಡದೊಳಗೆ ಅಡಗುವುದರಿಂದ ಮೇಲಿನಿಂದ ನೋಡಿದಾಗ ಸರಿಯಾಗಿಯೇ ಕಾಣುತ್ತದೆ. ಆದರೆ ಕಟ್ಟೆಯ ಆಚೆಗೂ ನೀರು ಅಷ್ಟೇ ಎತ್ತರದಲ್ಲಿ ನಿಂತಿರುತ್ತದೆ. ಕಟ್ಟೆ ಕಟ್ಟಿದ್ದಕ್ಕೆ ಅರ್ಥವೇ ಉಳಿಯುವುದಿಲ್ಲ. ಓರೆಯಾಗಿ ನೋಡಿದರೆ ಗುಡ್ಡದ ಹೊರಗೋಡೆಯಿಂದ ಸಮತಲ ಚಾಚಿಕೊಂಡಿರುವುದೂ ಕಾಣುತ್ತದೆ.

ಸರಿಯಾದ ದಾರಿ ಪ್ರಾಚಲ ರೂಪ, ಅಂದರೆ ಎಕ್ಸ್, ವೈ, ಝಡ್ ಮೂರನ್ನೂ ಬೇರೆ ಚರಾಕ್ಷರಗಳ (ಪ್ರಾಚಲಗಳ) ಮೂಲಕ ಬರೆಯುವುದು. ಯು ನದಿಯ ಉದ್ದಕ್ಕೆ ಸಾಗಲಿ. ವಿ ಒಂದು ದಂಡೆಯಿಂದ ಇನ್ನೊಂದು ದಂಡೆಗೆ −1ರಿಂದ 1ರವರೆಗೆ ಸಾಗಲಿ:

ನೀರು = ಪ್ಯಾರಾಮೆಟ್ರಿಕ್_ಪ್ಲಾಟ್3ಡಿ((ಯು, ವಿ*ಎಸ್ಕ್ಯೂಆರ್ಟಿ(2 + ಯು/2), 1), (ಯು, -4, 4), (ವಿ, -1, 1), ಕಲರ್='ಬ್ಲೂ', ಒಪಾಸಿಟಿ=0.45)

ವಿಯನ್ನು ಅರ್ಧ ಅಗಲದಿಂದ ಗುಣಿಸಿದ್ದರಲ್ಲಿ ಉಪಾಯವಿದೆ. ಪ್ರಾಚಲಗಳ ವ್ಯಾಪ್ತಿ ನೇರ ಆಯತವೇ ಆಗಿರಬೇಕು, ಆದರೆ ನಮಗೆ ಬೇಕಾದ ಆಕಾರ ಆಯತವಲ್ಲ. ಗುಣಾಕಾರ ಆ ಆಯತವನ್ನು ಕಣಿವೆಯ ಆಕಾರಕ್ಕೆ ಹಿಗ್ಗಿಸುತ್ತದೆ, ಕುಗ್ಗಿಸುತ್ತದೆ. ಎಲ್ಲೋ ಕತ್ತರಿಸುವ ಅಗತ್ಯವಿಲ್ಲ, ಅಂಚು ಮೊಂಡಾಗುವ ಭಯವೂ ಇಲ್ಲ. ಅಂಚಿರುವ ಯಾವ ಮೇಲ್ಮೈಗೂ ಈ ಉಪಾಯ ಒದಗುತ್ತದೆ. ಇದೊಂದನ್ನು ಕೈವಶ ಮಾಡಿಕೊಂಡರೆ ಮೂರು ಆಯಾಮದ ಚಿತ್ರಗಳಲ್ಲಿ ಅರ್ಧ ತೊಂದರೆ ಕಳೆದಂತೆ.

ಒಪಾಸಿಟಿ 1 ಆದರೆ ಪೂರ್ತಿ ಅಪಾರದರ್ಶಕ, 0 ಆದರೆ ಕಾಣುವುದೇ ಇಲ್ಲ. ನೀರಿನ ಕೆಳಗಿನ ನೆಲ ಕಾಣಬೇಕಾದ್ದರಿಂದ 0.45 ಇಟ್ಟಿದ್ದೇನೆ.

ದಂಡೆಯ ಗೆರೆ

ದಂಡೆ = ಪ್ಯಾರಾಮೆಟ್ರಿಕ್_ಪ್ಲಾಟ್3ಡಿ((2*ಟಿ^2 - 4, ಟಿ, 1.02), (ಟಿ, -2, 2), ಕಲರ್='ರೆಡ್', ಥಿಕ್ನೆಸ್=4)

ಆದೇಶ ಅದೇ. ಒಂದೇ ಪ್ರಾಚಲ ಕೊಟ್ಟಿದ್ದರಿಂದ ಸೇಜ್ ಇದನ್ನು ಮೇಲ್ಮೈಯಾಗಿ ಅಲ್ಲ, ವಕ್ರರೇಖೆಯಾಗಿ ಎಳೆಯುತ್ತದೆ.

ನೀರಿನ ಮಟ್ಟ 1 ಆಗಿರುವಾಗ ಗೆರೆ 1.02ರಲ್ಲಿ ಏಕಿದೆ? ಗಣಕ ನಯವಾದ ಮೇಲ್ಮೈಯನ್ನು ಎಳೆಯುವುದಿಲ್ಲ, ಸಣ್ಣ ಸಣ್ಣ ಚಪ್ಪಟೆ ತುಂಡುಗಳನ್ನು ಜೋಡಿಸುತ್ತದೆ. ಸೇಜ್‌ನಲ್ಲಿ ಮೇಲ್ಮೈಗೆ ಸಾಮಾನ್ಯವಾಗಿ ಪ್ರತಿ ದಿಕ್ಕಿಗೂ 40 ಬಿಂದುಗಳು. ವೈ ದಿಕ್ಕಿನಲ್ಲಿ ನಮ್ಮ ವ್ಯಾಪ್ತಿ 5. ಹಾಗಾಗಿ ಒಂದೊಂದು ತುಂಡಿನ ಅಗಲ ಸುಮಾರು 0.125. ಈ ಪರವಲಯದಲ್ಲಿ ಅಷ್ಟು ಅಗಲದ ಚಪ್ಪಟೆ ತುಂಡು ನಿಜವಾದ ಮೇಲ್ಮೈಗಿಂತ ಹೆಚ್ಚೆಂದರೆ 0.002ರಷ್ಟು ಮೇಲಿರುತ್ತದೆ. ಅಲ್ಪವೇ ಸರಿ, ಆದರೆ ಮೇಲ್ಮೈಯ ಮೇಲೆಯೇ ಕೂತ ಗೆರೆ ಅಲ್ಲಲ್ಲಿ ಮುಳುಗಿ ತುಂಡುತುಂಡಾಗಿ ಮಿನುಗಲು ಅಷ್ಟು ಸಾಕು. 0.02 ಮೇಲೆತ್ತಿದರೆ ಗೆರೆ ಪೂರ್ತಿ ಕಾಣುತ್ತದೆ, ಎತ್ತಿದ್ದು ಕಣ್ಣಿಗೆ ತಿಳಿಯುವುದಿಲ್ಲ. ಎಷ್ಟು ಎತ್ತಬೇಕೆಂದು ತಡಕಾಡುವ ಬದಲು ತುಂಡಿನ ಅಗಲದ ವರ್ಗವನ್ನು ಎಂಟರಿಂದ ಭಾಗಿಸಿ, ಆ ದಿಕ್ಕಿನ ಎರಡನೇ ಅವಕಲನದಿಂದ ಗುಣಿಸಿ. ಬಂದ ಸಂಖ್ಯೆಯ ಹತ್ತರಷ್ಟು ಎತ್ತಿದರೆ ಸರಿಹೋಗುತ್ತದೆ.

ಕಟ್ಟೆ

ಕಟ್ಟೆ ನೆಟ್ಟಗೆ ನಿಂತ ಗೋಡೆ. ಒಂದೇ ಎಕ್ಸ್, ವೈಗೆ ಹಲವು ಝಡ್‌ಗಳು. ಆದ್ದರಿಂದ ಪ್ಲಾಟ್3ಡಿ ಇಲ್ಲಿ ಕೈಕೊಡುತ್ತದೆ, ಪ್ರಾಚಲ ರೂಪವೇ ಬೇಕು. ಎಕ್ಸ್ = 4ರಲ್ಲಿ ನೆಲದ ಗೆರೆ 0.5 ವೈ² − 1. ಕಟ್ಟೆಯ ತಲೆ ನೀರಿಗಿಂತ ಸ್ವಲ್ಪ ಮೇಲಿರಬೇಕು. ಅದನ್ನು 1.42 ಎಂದು ಆರಿಸಿದರೆ ವೈ² = 4.84 ಆಗಿ, ಕಟ್ಟೆಯ ಎರಡು ತುದಿಗಳು ಸರಿಯಾಗಿ 2.2 ಮತ್ತು −2.2ರಲ್ಲಿ ಗುಡ್ಡವನ್ನು ಮುಟ್ಟುತ್ತವೆ.

ಕಟ್ಟೆ = ಪ್ಯಾರಾಮೆಟ್ರಿಕ್_ಪ್ಲಾಟ್3ಡಿ((4, ಯು, (1 - ವಿ)*(0.5*ಯು^2 - 1) + ವಿ*1.42), (ಯು, -2.2, 2.2), (ವಿ, 0, 1), ಕಲರ್='ಗ್ರೇ')

ವಿ ಸೊನ್ನೆಯಾದಾಗ ಬುಡದ ಗೆರೆ, ಒಂದಾದಾಗ ತಲೆಯ ಗೆರೆ, ನಡುವೆ ಎರಡರ ಮಿಶ್ರಣ. ಎರಡು ವಕ್ರರೇಖೆಗಳ ನಡುವೆ ಮೇಲ್ಮೈ ಹೊದಿಸಬೇಕಾದಾಗಲೆಲ್ಲ ಇದೇ ಸೂತ್ರ ಬಳಸಿ.

ಬಂಡೆ

ದುರ್ಗದ ಸುತ್ತಮುತ್ತ ಗುಡ್ಡ ಎಂದಮೇಲೆ ಗ್ರಾನೈಟ್ ಬಂಡೆ ಇರಲೇಬೇಕು. ಮಳೆ ಗಾಳಿಗೆ ಮೂಲೆಗಳು ಸವೆದು ದುಂಡಾದ, ಆದರೂ ಪೂರ್ತಿ ಗೋಳವಾಗದ ಆ ಬಂಡೆಗಳ ಆಕಾರಕ್ಕೆ ನಾಲ್ಕನೇ ಘಾತದ ಸಮೀಕರಣ ಚೆನ್ನಾಗಿ ಒಪ್ಪುತ್ತದೆ. ಹಿನ್ನೀರಿನ ತುದಿಗಿಂತ ಮೇಲೆ, ಎಕ್ಸ್ = −5, ವೈ = 1 ಎಂಬಲ್ಲಿ ನೆಲದ ಎತ್ತರ 1.75. ಬಂಡೆಯ ಕೇಂದ್ರವನ್ನು 1.9ರಲ್ಲಿ ಇಟ್ಟರೆ ಅದರ ಸುಮಾರು ಮೂರನೇ ಒಂದು ಭಾಗ ನೆಲದಲ್ಲಿ ಹೂತಂತೆ ಕೂರುತ್ತದೆ.

ಬಂಡೆ = ಇಂಪ್ಲಿಸಿಟ್_ಪ್ಲಾಟ್3ಡಿ((ಎಕ್ಸ್+5)^4 + (ವೈ-1)^4 + (ಝಡ್-1.9)^4 == 0.4^4, (ಎಕ್ಸ್, -5.5, -4.5), (ವೈ, 0.5, 1.5), (ಝಡ್, 1.4, 2.4), ಕಲರ್='ಡಿಮ್‌ಗ್ರೇ', ಪ್ಲಾಟ್_ಪಾಯಿಂಟ್ಸ್=60)

ಸಮ ಚಿಹ್ನೆ ಎರಡು ಸಲ ಇರುವುದನ್ನು ಗಮನಿಸಿ. ಒಂದೇ ಇದ್ದರೆ ಅದು ಹೆಸರಿಡುವುದಕ್ಕೆ, ಎರಡಿದ್ದರೆ ಸಮೀಕರಣಕ್ಕೆ.

ಈ ಬಗೆಯ ನಕ್ಷೆಯ ವೆಚ್ಚ ಬೇರೆಯವುಗಳಂತಲ್ಲ. ಕೊಟ್ಟ ಪೆಟ್ಟಿಗೆಯನ್ನು ಮೂರೂ ದಿಕ್ಕಿಗೆ ಸೀಳಿ, ಪ್ರತಿ ಮೂಲೆಯಲ್ಲೂ ಸಮೀಕರಣದ ಬೆಲೆ ಕಂಡುಹಿಡಿದು, ಚಿಹ್ನೆ ಬದಲಾಗುವ ಜಾಗ ಹುಡುಕಬೇಕು. ದಿಕ್ಕಿಗೆ 40 ಬಿಂದುಗಳಿದ್ದರೆ 64,000 ಲೆಕ್ಕ, 80 ಇದ್ದರೆ 5,12,000. ಹಾಗಾಗಿ ಬಂಡೆಯನ್ನು ಬಿಗಿಯಾಗಿ ಸುತ್ತುವ ಸಣ್ಣ ಪೆಟ್ಟಿಗೆ ಕೊಡುವುದು ಮುಖ್ಯ. ಇಡೀ ಕಣಿವೆಯ ವ್ಯಾಪ್ತಿಯನ್ನೇ ಇದಕ್ಕೂ ಕೊಟ್ಟರೆ ಬಹುಪಾಲು ಲೆಕ್ಕ ಖಾಲಿ ಜಾಗದಲ್ಲಿ ವ್ಯರ್ಥವಾಗಿ, ಬಂಡೆಯ ಪಾಲಿಗೆ ಬೆರಳೆಣಿಕೆಯ ಬಿಂದುಗಳು ಉಳಿದು, ಅದು ಮುರಿದ ಇಟ್ಟಿಗೆಯಂತೆ ಕಾಣುತ್ತದೆ. ಕೂಡಿಸುವ ಪದರಗಳೆಲ್ಲ ಒಂದೇ ವ್ಯಾಪ್ತಿಯಲ್ಲಿರಬೇಕೆಂಬ ತಪ್ಪು ತಿಳಿವಳಿಕೆ ತುಂಬ ಜನರಲ್ಲಿದೆ. ನಿರ್ದೇಶಾಂಕ ವ್ಯವಸ್ಥೆ ಒಂದೇ ಇರಬೇಕು, ವ್ಯಾಪ್ತಿ ಪ್ರತಿ ಪದರಕ್ಕೂ ಅದರದೇ.

ಕೂಡಿಸುವುದು

ಹೆಸರು = ಟೆಕ್ಸ್ಟ್3ಡಿ('ಹಿನ್ನೀರು', (0, 0, 1.4))

ಚಿತ್ರ = ನೆಲ + ನೀರು + ದಂಡೆ + ಕಟ್ಟೆ + ಬಂಡೆ + ಹೆಸರು

ಶೋ(ಚಿತ್ರ, ಆಸ್ಪೆಕ್ಟ್_ರೇಶಿಯೋ=[1,1,1], ಫ್ರೇಮ್=ಫಾಲ್ಸ್)

ಆರು ಪದರ, ಐದು ಕೂಡು ಚಿಹ್ನೆ. ಮೊದಲ ಸಲ ಕೂಡಿಸುವಾಗ ಎಲ್ಲವನ್ನೂ ಒಟ್ಟಿಗೆ ಹಾಕಬೇಡಿ. ನೆಲ ಮಾತ್ರ ತೋರಿಸಿ ನೋಡಿ. ಆಮೇಲೆ ನೆಲ + ನೀರು. ಆಮೇಲೆ ದಂಡೆ. ಪ್ರತಿ ಹಂತದಲ್ಲೂ ಚಿತ್ರವನ್ನು ತಿರುಗಿಸಿ, ಬದಿಯಿಂದಲೂ ಕೆಳಗಿನಿಂದಲೂ ನೋಡಿ. ಮೇಲಿನಿಂದ ಚೆನ್ನಾಗಿ ಕಂಡದ್ದು ಬದಿಯಿಂದ ನೋಡಿದಾಗ ಅರ್ಧ ಅಡಿ ಮೇಲೆ ತೇಲುತ್ತಿರಬಹುದು.

ಆಸ್ಪೆಕ್ಟ್ ರೇಶಿಯೋ ಎಂದರೆ ಮೂರು ಅಕ್ಷಗಳ ಅಳತೆಯ ಅನುಪಾತ. ಹೇಳದಿದ್ದರೆ ತಂತ್ರಾಂಶ ತನಗೆ ತೋಚಿದ್ದನ್ನು ಆರಿಸುತ್ತದೆ. 1, 1, 1 ಎಂದು ಕೊಟ್ಟರೆ ಗೋಳ ಗೋಳವಾಗಿಯೇ ಕಾಣುತ್ತದೆ. ನಿಜವಾದ ಭೂಮಿಯ ಅಳತೆ ಬಳಸುವಾಗ ಮಾತ್ರ ಇದನ್ನು ಬೇಕೆಂದೇ ಬದಲಿಸಬೇಕಾಗುತ್ತದೆ, ಏಕೆಂದರೆ ಹಲವು ಕಿಲೋಮೀಟರ್ ಉದ್ದದ ಹಿನ್ನೀರಿನ ಮುಂದೆ ಕೆಲವು ಹತ್ತು ಮೀಟರ್ ಆಳ ಕಣ್ಣಿಗೇ ಬೀಳುವುದಿಲ್ಲ. ಆಗ ಝಡ್ ದಿಕ್ಕನ್ನು ಹಿಗ್ಗಿಸಿ, ಎಷ್ಟು ಪಟ್ಟು ಹಿಗ್ಗಿಸಿದ್ದೀರಿ ಎಂದು ಚಿತ್ರದ ಕೆಳಗೆ ತಪ್ಪದೇ ಬರೆಯಿರಿ. ಬರೆಯದೆ ಬಿಟ್ಟರೆ ಇಳಿಜಾರು ಗುಡ್ಡ ಕಡಿದಾದ ಕೊರಕಲಾಗಿ ಓದುಗರ ಮನಸ್ಸಿನಲ್ಲಿ ಉಳಿಯುತ್ತದೆ.

ಪಾರದರ್ಶಕ ಪದರ ಒಂದೇ ಇರಲಿ. ನೆಲವನ್ನೂ ನೀರನ್ನೂ ಎರಡನ್ನೂ ಪಾರದರ್ಶಕ ಮಾಡಿದರೆ ಯಾವುದು ಮುಂದೆ, ಯಾವುದು ಹಿಂದೆ ಎಂದು ಬ್ರೌಸರ್ ತೀರ್ಮಾನಿಸುವುದು ಇಡೀ ವಸ್ತುವನ್ನು ಲೆಕ್ಕಕ್ಕೆ ತೆಗೆದುಕೊಂಡು, ಬಿಂದು ಬಿಂದುವಿಗಲ್ಲ. ಚಿತ್ರ ತಿರುಗಿಸುವಾಗ ನೀರು ಇದ್ದಕ್ಕಿದ್ದಂತೆ ನೆಲದ ಕೆಳಗೆ ಹಾರಿದಂತೆ ಕಾಣುತ್ತದೆ. ತೋರಿಸಬೇಕಾದ್ದು ಎರಡು ಪದರಗಳ ಹಿಂದಿದ್ದರೆ, ಪಾರದರ್ಶಕತೆಗಿಂತ ನೆಲದ ವ್ಯಾಪ್ತಿಯನ್ನು ಅರ್ಧಕ್ಕೆ ನಿಲ್ಲಿಸಿ ಒಳಭಾಗ ತೆರೆದಿಡುವುದು ಎಷ್ಟೋ ಮೇಲು. ವೈ ವ್ಯಾಪ್ತಿಯನ್ನು 0ಯಿಂದ 2.5 ಎಂದು ಬದಲಿಸಿ ನೋಡಿ: ಕಣಿವೆಯ ಒಂದು ಮಗ್ಗುಲು ತೆರೆದುಕೊಂಡು ನೀರಿನ ಆಳ ನೇರವಾಗಿ ಕಾಣುತ್ತದೆ.

ಇಡೀ ಚಿತ್ರ ಚುಕ್ಕೆಯಷ್ಟು ಸಣ್ಣದಾಗಿ ಬಂದರೆ ಯಾವುದೋ ಒಂದು ಪದರ ದೂರದಲ್ಲಿ ಬಿದ್ದಿದೆ ಎಂದು ತಿಳಿಯಿರಿ. ಎಲ್ಲ ಪದರಗಳೂ ಹಿಡಿಸುವಂತೆ ಸೇಜ್ ಚೌಕಟ್ಟನ್ನು ಹಿಗ್ಗಿಸುತ್ತದೆ. ಹೆಸರಿನ ಸ್ಥಾನದಲ್ಲಿ 1.4ರ ಬದಲು 14 ಎಂದು ಬಿದ್ದಿದ್ದರೂ ಸಾಕು.

ಮಟ್ಟ ಏರಿಸಿ ನೋಡುವುದು

ಈಗ ಈ ಚಿತ್ರದಿಂದ ಕೆಲಸ ತೆಗೆಯೋಣ. ನೀರಿನ ಮಟ್ಟ ಕೆ ಆದಾಗ ದಂಡೆಯ ಸಮೀಕರಣ ಎಕ್ಸ್ = 2 ವೈ² − 4 ಕೆ. ಕಟ್ಟೆಯ ಬಳಿ ಅರ್ಧ ಅಗಲ 2 + 2 ಕೆ ಎಂಬುದರ ವರ್ಗಮೂಲ. ಹಲವು ಮಟ್ಟಗಳ ದಂಡೆಗಳನ್ನು ಒಂದೇ ಸಾಲಿನಲ್ಲಿ ಎಳೆಯಬಹುದು:

ಗೆರೆಗಳು = ಸಮ್([ಪ್ಯಾರಾಮೆಟ್ರಿಕ್_ಪ್ಲಾಟ್3ಡಿ((2*ಟಿ^2 - 4*ಕೆ, ಟಿ, ಕೆ + 0.02), (ಟಿ, -ಎಸ್ಕ್ಯೂಆರ್ಟಿ(2+2*ಕೆ), ಎಸ್ಕ್ಯೂಆರ್ಟಿ(2+2*ಕೆ)), ಕಲರ್='ಬ್ಲ್ಯಾಕ್', ಥಿಕ್ನೆಸ್=3) ಫಾರ್ ಕೆ ಇನ್ [-0.5, 0, 0.5]])

ಶೋ(ಚಿತ್ರ + ಗೆರೆಗಳು, ಆಸ್ಪೆಕ್ಟ್_ರೇಶಿಯೋ=[1,1,1], ಫ್ರೇಮ್=ಫಾಲ್ಸ್)

ಇವು ಭೂಪಟದಲ್ಲಿ ಕಾಣುವ ಸಮೋನ್ನತಿ ರೇಖೆಗಳೇ. ಸಮಾನ ಎತ್ತರದ ಅಂತರದಲ್ಲಿ ಎಳೆದಿದ್ದರೂ ಅವು ಸುತ್ತುವರಿಯುವ ಪ್ರದೇಶ ಮೇಲೆ ಹೋದಂತೆ ಬಹಳ ಬೇಗ ಹಿಗ್ಗುವುದು ಚಿತ್ರದಲ್ಲಿ ಎದ್ದು ಕಾಣುತ್ತದೆ. ಲೆಕ್ಕವೂ ಅದನ್ನೇ ಹೇಳುತ್ತದೆ. ಮಟ್ಟ ಕೆ ಆದಾಗ ನೀರಿನ ಹರವು, ಅಗಲವನ್ನು ಅನುಕಲಿಸಿದರೆ, 8/3 × (2 + 2 ಕೆ)ಯ 1.5ನೇ ಘಾತ. ಅದನ್ನು ತಳದಿಂದ ಮೇಲಕ್ಕೆ ಮತ್ತೊಮ್ಮೆ ಅನುಕಲಿಸಿದರೆ ಒಟ್ಟು ನೀರು 8/15 × (2 + 2 ಕೆ)ಯ 2.5ನೇ ಘಾತ. ಪೂರ್ಣ ಮಟ್ಟದಲ್ಲಿ ಇದು ಸುಮಾರು 17.07. ಆಳ ಅರ್ಧ ಇದ್ದಾಗ ಸುಮಾರು 3.02.

ಅಂದರೆ ಈ ಮಾದರಿಯಲ್ಲಿ ಅರ್ಧ ಆಳಕ್ಕೆ ನೀರು ಬಂದಾಗ ಜಲಾಶಯದಲ್ಲಿರುವುದು ಒಟ್ಟು ನೀರಿನ ಐದನೇ ಒಂದು ಭಾಗಕ್ಕಿಂತಲೂ ಕಡಿಮೆ. ಮುಕ್ಕಾಲು ಆಳಕ್ಕೆ ಬಂದಾಗಲೂ ಅರ್ಧ ತುಂಬಿರುವುದಿಲ್ಲ, ಶೇ 49ರ ಆಸುಪಾಸು. ಕೊನೆಯ ಕಾಲುಭಾಗದ ಎತ್ತರದಲ್ಲಿ ಅರ್ಧಕ್ಕಿಂತ ಹೆಚ್ಚು ನೀರು! ನಿಜವಾದ ಕಣಿವೆಗಳಲ್ಲಿ ಅಂಕಿ ಬೇರೆಯಾಗುತ್ತದೆ, ಆದರೆ ಮೇಲೆ ಹೋದಂತೆ ಅಗಲವಾಗುವ ಯಾವ ಕಣಿವೆಗೂ ದಿಕ್ಕು ಇದೇ. ಬಯಲುಸೀಮೆಯ ರೈತರಿಗೆ ಕೊನೆಯ ಅಡಿಗಳು ಏಕೆ ಅಷ್ಟು ಮುಖ್ಯ, ಅವು ತುಂಬಲು ಏಕೆ ಅಷ್ಟು ಮಳೆ ಬೇಕು ಎಂಬುದನ್ನು ಮಕ್ಕಳಿಗೆ ವಿವರಿಸಲು ಇದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. ಗಣಿತ ಶಿಕ್ಷಕರು ದಯವಿಟ್ಟು ಇದನ್ನು ತರಗತಿಯಲ್ಲಿ ಮಾಡಿ ತೋರಿಸಿ.

ಕಣಿವೆಯನ್ನು ಬಗ್ಗಿಸುವುದು

ನದಿ ನೇರವಾಗಿ ಹರಿಯುವುದಿಲ್ಲ. ಕಣಿವೆಯ ನಡುಗೆರೆಯನ್ನು 0.6 ಸೈನ್(ಎಕ್ಸ್/2) ಎಂದು ಬಗ್ಗಿಸಬೇಕೆನ್ನಿ. ನೆಲದ ಸೂತ್ರದಲ್ಲಿ ವೈ ಇದ್ದಲ್ಲಿ ವೈಯಿಂದ ಈ ಮೊತ್ತವನ್ನು ಕಳೆಯಿರಿ. ನೀರು, ದಂಡೆ, ಕಟ್ಟೆಗಳ ಎರಡನೇ ನಿರ್ದೇಶಾಂಕಕ್ಕೆ ಅದೇ ಮೊತ್ತವನ್ನು ಕೂಡಿಸಿ, ಎಕ್ಸ್ ಬದಲಿಗೆ ಆಯಾ ಪದರದ ಮೊದಲ ನಿರ್ದೇಶಾಂಕವನ್ನು ಹಾಕಿ. ದಂಡೆಗಾದರೆ ಸೈನ್ ಒಳಗೆ (2*ಟಿ^2 - 4)/2 ಬರುತ್ತದೆ, ಕಟ್ಟೆಗೆ 4/2 ಬರುತ್ತದೆ. ಸಮೋನ್ನತಿ ಗೆರೆಗಳಿಗೂ ಇದೇ ಕ್ರಮ. ಬಂಡೆಯ ಕೇಂದ್ರವೂ ಅದರ ಪೆಟ್ಟಿಗೆಯೂ ವೈ ದಿಕ್ಕಿನಲ್ಲಿ ಸುಮಾರು 0.36 ಕೆಳಗೆ ಸರಿಯಬೇಕು.

ಇಷ್ಟು ಮಾಡಿದ ಮೇಲೆ ಕಟ್ಟೆಯ ಒಂದು ತುದಿ ವೈ = 2.75ರ ಹತ್ತಿರ ಹೋಗುತ್ತದೆ. ನೆಲವಿರುವುದು 2.5ರವರೆಗೆ. ನೆಲದ ವ್ಯಾಪ್ತಿಯನ್ನು −3ರಿಂದ 3ಕ್ಕೆ ಹಿಗ್ಗಿಸಲು ಮರೆಯಬೇಡಿ. ಪದರಗಳೆಲ್ಲ ಒಂದೇ ಸಮೀಕರಣದಿಂದ ಬಂದಿದ್ದರಿಂದ, ನದಿ ಬಾಗಿದರೂ ದಂಡೆ ನೀರನ್ನು ಬಿಡುವುದಿಲ್ಲ, ಕಟ್ಟೆ ಗುಡ್ಡವನ್ನು ಬಿಡುವುದಿಲ್ಲ.

ಬೇರೆ ತಂತ್ರಾಂಶಗಳಲ್ಲಿ

ಮ್ಯಾಥಮ್ಯಾಟಿಕಾದಲ್ಲಿ ಬಿಡಿ ನಕ್ಷೆಗಳನ್ನು ಶೋ ಎಂಬ ಆದೇಶದೊಳಗೆ ಒಂದರ ಪಕ್ಕ ಒಂದಿಟ್ಟರೆ ಕೂಡಿಕೊಳ್ಳುತ್ತವೆ. ಅಲ್ಲಿ ಕ್ರಮಕ್ಕೆ ಬೆಲೆಯಿದೆ. ಮೊದಲು ಇಟ್ಟ ನಕ್ಷೆಯ ವ್ಯಾಪ್ತಿ, ಅನುಪಾತ ಮುಂತಾದ ಆಯ್ಕೆಗಳೇ ಇಡೀ ಚಿತ್ರಕ್ಕೆ ಅನ್ವಯಿಸುತ್ತವೆ. ಪ್ಲಾಟ್3ಡಿ ಅಲ್ಲಿ ಪೆಟ್ಟಿಗೆಯ ಅನುಪಾತವನ್ನು 1, 1, 0.4 ಎಂದು ಇಟ್ಟುಕೊಳ್ಳುವುದರಿಂದ ಅದು ಮೊದಲು ಬಂದರೆ ಬಂಡೆ ಚಪ್ಪಟೆಯಾಗುತ್ತದೆ. ಪ್ಲಾಟ್‌ರೇಂಜ್ ಆಯ್ಕೆಗೆ ಆಲ್ ಎಂದೂ, ಬಾಕ್ಸ್‌ರೇಶಿಯೋಸ್ ಆಯ್ಕೆಗೆ ಆಟೋಮ್ಯಾಟಿಕ್ ಎಂದೂ ಶೋ ಆದೇಶದಲ್ಲೇ ಬರೆದುಬಿಟ್ಟರೆ ಎರಡೂ ತೊಂದರೆ ತೀರುತ್ತವೆ.

ಮ್ಯಾಟ್‌ಲ್ಯಾಬ್‌ನಲ್ಲಿ ಮೊದಲ ನಕ್ಷೆಯ ನಂತರ ಹೋಲ್ಡ್ ಆನ್ ಎಂದು ಬರೆಯಬೇಕು, ಇಲ್ಲದಿದ್ದರೆ ಮುಂದಿನ ನಕ್ಷೆ ಹಿಂದಿನದನ್ನು ಅಳಿಸಿ ಕೂರುತ್ತದೆ. ಅನುಪಾತಕ್ಕೆ ಆಕ್ಸಿಸ್ ಈಕ್ವಲ್. ಮೇಪಲ್‌ನಲ್ಲಿ ಪ್ಲಾಟ್ಸ್ ಪ್ಯಾಕೇಜಿನ ಡಿಸ್‌ಪ್ಲೇ ಆದೇಶ ಇದೇ ಕೆಲಸ ಮಾಡುತ್ತದೆ. ಮ್ಯಾಕ್ಸಿಮಾ ಬಳಸುವವರು ಡ್ರಾ ಪ್ಯಾಕೇಜ್ ತೆರೆದು, ಡ್ರಾ3ಡಿ ಆದೇಶದೊಳಗೆ ಎಕ್ಸ್‌ಪ್ಲಿಸಿಟ್, ಪ್ಯಾರಾಮೆಟ್ರಿಕ್, ಇಂಪ್ಲಿಸಿಟ್ ವಸ್ತುಗಳನ್ನು ಸಾಲಾಗಿ ಬರೆಯಬಹುದು. ಅಲ್ಲಿ ಬಣ್ಣದ ಆಯ್ಕೆಯನ್ನು ವಸ್ತುವಿನ ಮೊದಲು ಬರೆಯಬೇಕು, ಅದು ಮುಂದಿನ ವಸ್ತುಗಳಿಗೆಲ್ಲ ಅನ್ವಯಿಸುತ್ತಾ ಹೋಗುತ್ತದೆ.

ಪೈಥಾನ್‌ನ ಮ್ಯಾಟ್‌ಪ್ಲಾಟ್‌ಲಿಬ್ ಎರಡು ಆಯಾಮದಲ್ಲಿ ನನ್ನ ಅಚ್ಚುಮೆಚ್ಚು. ಆದರೆ ಮೂರು ಆಯಾಮದ ಪದರಗಳನ್ನು ಕೂಡಿಸಲು ಅದನ್ನು ಬಳಸಬೇಡಿ ಎಂದೇ ಹೇಳುತ್ತೇನೆ. ಒಂದನ್ನೊಂದು ಹಾದುಹೋಗುವ ಮೇಲ್ಮೈಗಳಲ್ಲಿ ಯಾವ ಭಾಗ ಹಿಂದಿದೆ ಎಂಬುದನ್ನು ಅದು ಬಿಂದು ಬಿಂದುವಿಗೆ ಲೆಕ್ಕ ಹಾಕುವುದಿಲ್ಲ. ಗುಡ್ಡದ ಹಿಂದಿರಬೇಕಾದ ಗೆರೆ ಗುಡ್ಡದ ಮುಂದೆ ಬಂದು ನಿಲ್ಲುತ್ತದೆ. ಪೈಥಾನ್ ಬಿಡಲಾಗದವರು ಪ್ಲಾಟ್‌ಲಿ ಬಳಸಿ.

ಉಳಿಸಿಕೊಳ್ಳುವುದು, ಮುದ್ರಿಸುವುದು

ಸೇಜ್ ತೋರಿಸುವ ಚಿತ್ರದ ಬಲಬದಿಯ ಕೆಳಮೂಲೆಯಲ್ಲಿ ಸಣ್ಣ ಗುಂಡಿಯೊಂದಿದೆ. ಅದನ್ನು ಒತ್ತಿದರೆ ಪಿಎನ್‌ಜಿ ಚಿತ್ರವಾಗಿ ಅಥವಾ ಎಚ್‌ಟಿಎಂಎಲ್ ಕಡತವಾಗಿ ಉಳಿಸುವ ಆಯ್ಕೆ ಬರುತ್ತದೆ. ಸಹಪಾಠಿಗಳಿಗೆ ಕಳುಹಿಸುವುದಾದರೆ ಎಚ್‌ಟಿಎಂಎಲ್ ಒಳ್ಳೆಯದು, ಅವರೂ ತಿರುಗಿಸಿ ನೋಡಬಹುದು. ಪ್ರಯೋಗಾಲಯದ ರೆಕಾರ್ಡ್ ಪುಸ್ತಕಕ್ಕಾದರೆ ಪಿಎನ್‌ಜಿ. ಅದೇ ಗುಂಡಿಯಲ್ಲಿ ಈಗಿನ ನೋಟದ ಕೋನವನ್ನು ತಿಳಿಸುವ ಆಯ್ಕೆಯೂ ಇದೆ. ಅದನ್ನು ನಕಲು ಮಾಡಿ ಶೋ ಆದೇಶದಲ್ಲಿ ವ್ಯೂಪಾಯಿಂಟ್ ಆಯ್ಕೆಯಾಗಿ ಸೇರಿಸಿದರೆ ಮುಂದಿನ ಸಲವೂ ಚಿತ್ರ ಅದೇ ಕೋನದಲ್ಲಿ ತೆರೆಯುತ್ತದೆ.

ಕಪ್ಪು ಬಿಳುಪಿನ ಮುದ್ರಣ ಮಾಡಿಸುವವರು ಬಣ್ಣಗಳನ್ನು ಮತ್ತೊಮ್ಮೆ ಯೋಚಿಸಿ. ಈ ನೀಲಿ ನೀರು, ಕೆಂಪು ದಂಡೆ, ಬೂದು ಕಟ್ಟೆ ಮೂರೂ ಕಪ್ಪು ಬಿಳುಪಿನಲ್ಲಿ ಹತ್ತಿರಹತ್ತಿರ ಒಂದೇ ಛಾಯೆಯಾಗಿ ಬೀಳಬಹುದು. ನೆಲಕ್ಕೆ ತೆಳು ಬಣ್ಣ, ನೀರಿಗೆ ನಡು ಬಣ್ಣ, ಕಟ್ಟೆಗೆ ಗಾಢ ಬಣ್ಣ ಇಟ್ಟು, ದಂಡೆಯ ಗೆರೆಯನ್ನು ಕಪ್ಪು ಮಾಡಿ ದಪ್ಪ ಹೆಚ್ಚಿಸಿ. ಮುದ್ರಣಕ್ಕೆ ಕೊಡುವ ಮೊದಲು ಮೊಬೈಲ್‌ನಲ್ಲಿ ಚಿತ್ರವನ್ನು ಕಪ್ಪು ಬಿಳುಪಿಗೆ ತಿರುಗಿಸಿ, ಎಲ್ಲ ಪದರಗಳೂ ಬೇರೆ ಬೇರೆಯಾಗಿ ಕಾಣುತ್ತವೆಯೇ ಎಂದು ಒಮ್ಮೆ ನೋಡಿಕೊಳ್ಳಿ.